ಎರಡನೇ 'ಯಾಕೆ'ಗೇ ಹೆಸರು ಬಂದುಬಿಡುತ್ತದೆ

ಕೆಲಸದಲ್ಲಿ ತಲೆ ಓಡಿಸುವುದನ್ನು ಕಲಿಸಲು ನಮ್ಮ ಕಂಪನಿಗಳು ಕಮ್ಮಿ ಖರ್ಚು ಮಾಡುವುದಿಲ್ಲ. ಬೆಂಗಳೂರಿನಲ್ಲಿದ್ದಾಗ ನಾನೂ ಟ್ರೇನಿಂಗಿಗೆ ಹೋಗಿ ಒಂದು ಸಮಸ್ಯೆಯ ಕಾರಣಗಳನ್ನೆಲ್ಲ ಕವಲು ಕವಲಾಗಿ ತೋರಿಸುವ ಇಶಿಕಾವಾ ಅವರ ಮೀನಿನ ಮುಳ್ಳಿನ ಚಿತ್ರ ಬರೆದು, ಮೂಲ ಕಾರಣ ಸಿಗುವ ತನಕ 'ಯಾಕೆ' ಅಂತ ಕೇಳುತ್ತಾ ಹೋಗುವ ಟೊಯೊಟಾದ 'ಐದು ಯಾಕೆ' ಬಾಯಿಪಾಠ ಮಾಡಿ ಸರ್ಟಿಫಿಕೇಟ್ ತಗೊಂಡವನೇ. ಎರಡೂ ಜಪಾನಿನ ಸರಕು. ಈಗ ಅದೇ ಜಪಾನಿನ ನಾಗೋಯಾದಲ್ಲಿ ಕೆಲಸ ಮಾಡುತ್ತಾ ಅನಿಸುವುದೇನೆಂದರೆ, ನಮಗೆ ಬರದಿರುವುದು ಪ್ರಶ್ನೆ ಕೇಳುವುದಲ್ಲ, ಉತ್ತರ ಸಿಕ್ಕ ಮೇಲೂ ಕೇಳುತ್ತಲೇ ಇರುವುದು.

ಟೊಯೊಟಾದ ಉತ್ಪಾದನಾ ಪದ್ಧತಿ ರೂಪಿಸಿದ ಎಂಜಿನಿಯರ್ ತಾಯಿಚಿ ಓನೊ ಕೊಟ್ಟ ಉದಾಹರಣೆ ನೋಡಿ. ಯಂತ್ರ ನಿಂತಿದೆ. ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಗಿದೆ. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಸರಿಯಾಗಿ ಎಣ್ಣೆ ಎತ್ತುತ್ತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಐದು ಉತ್ತರಗಳಲ್ಲಿ ಒಬ್ಬ ಮನುಷ್ಯನ ಹೆಸರೂ ಇಲ್ಲ.

ನಮ್ಮಲ್ಲಿ? ರಾತ್ರಿ ಸರ್ವರ್ ಬಿತ್ತು. ಯಾಕೆ? ತಪ್ಪು ಫೈಲ್ ಹೋಯಿತು. ಯಾಕೆ? ಶಿಫ್ಟಿನಲ್ಲಿದ್ದ ಹುಡುಗ ನೋಡಲಿಲ್ಲ. ಅಲ್ಲಿಗೆ ಮುಗಿಯಿತು. ರಿಪೋರ್ಟಿನಲ್ಲಿ 'ಹ್ಯೂಮನ್ ಎರರ್', ಪಕ್ಕದ ಕಾಲಮ್ಮಿನಲ್ಲಿ 'ಎಚ್ಚರಿಕೆ ನೀಡಲಾಗಿದೆ'. ಆ ಫೈಲನ್ನು ಸಿಸ್ಟಮ್ ಒಳಗೆ ಬಿಟ್ಟಿದ್ದಾದರೂ ಹೇಗೆ ಅಂತ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಕ್ಲೈಂಟ್ ಜೊತೆಗಿನ ಫೋನ್ ಕಾಲ್‌ಗೆ ಹೊತ್ತಾಯಿತಲ್ಲ!

ಇಲ್ಲಿನ ಟೊಯೊಟಾ ಮ್ಯೂಸಿಯಮ್ಮಿನಲ್ಲಿ ಟೊಯೊಟಾ ಕಾರು ಕಂಪನಿ ಕಟ್ಟಿದವರ ತಂದೆ ಸಕಿಚಿ ಟೊಯೊಡಾ 1924ರಲ್ಲಿ ರೂಪಿಸಿದ ಮಗ್ಗವಿದೆ. ಎಳೆ ಹರಿದರೆ ಅದು ತಾನೇ ನಿಲ್ಲುತ್ತದೆ. ಕಾರು ಜೋಡಿಸುವ ಲೈನಿನ ಆಂಡನ್ ಹಗ್ಗಕ್ಕೆ ಇದೇ ಮೂಲ. ಏನೋ ಸರಿಯಿಲ್ಲ ಎನಿಸಿದ ಕೆಲಸಗಾರ ಹಗ್ಗ ಎಳೆಯುತ್ತಾನೆ, ಟೀಮ್ ಲೀಡರ್ ಬರುತ್ತಾನೆ, ಆ ಹಂತ ಮುಗಿಯುವುದರೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನಿಲ್ಲಿಸಿದವನಿಗೆ ಬೈಗುಳವಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ ಆ ಹಗ್ಗಕ್ಕೆ ಬೆಲೆ. ಇದು ಜಪಾನೀಯರಿಗೆ ರಕ್ತಗತ, ನಮಗೆ ಒಗ್ಗದು ಅನ್ನುವವರು ಬಿಡದಿ ನೋಡಲಿ. 1999ರಿಂದ ಅಲ್ಲಿ ಟೊಯೊಟಾ ಕಾರುಗಳು ತಯಾರಾಗುತ್ತಿವೆ, ನಮ್ಮ ಹುಡುಗರ ಕೈಯಲ್ಲೇ.

ಹಾಗಂತ ಜಪಾನನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಮೀಟಿಂಗಿನಲ್ಲಿ ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಒಪ್ಪಿಗೆಯೆಲ್ಲ ಮೊದಲೇ ಒಬ್ಬೊಬ್ಬರ ಹತ್ತಿರ ಹೋಗಿ ಪಡೆದಿರುತ್ತಾರೆ. 'ನೆಮವಾಶಿ' ಅಂತಾರೆ, ಸಾವಕಾಶದ ಕೆಲಸ, ನನ್ನ ತಾಳ್ಮೆಗೆ ಮೀರಿದ್ದು. ಇನ್ನು ಟೊಯೊಟಾದ್ದೇ ಅಂಗಸಂಸ್ಥೆ, ಸಣ್ಣ ಕಾರು ಮಾಡುವ ದೈಹಟ್ಸು. ಅದರ ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ನಡೆದಿದೆ ಎಂದು 2023ರ ಡಿಸೆಂಬರಿನಲ್ಲಿ ಸ್ವತಂತ್ರ ಸಮಿತಿ ವರದಿ ಕೊಟ್ಟಿತು. 64 ಮಾದರಿಗಳು ಅದರಲ್ಲಿ ಸಿಕ್ಕಿಬಿದ್ದವು. ವಿಪರೀತ ಬಿಗಿಯಾದ ವೇಳಾಪಟ್ಟಿಯ ಒತ್ತಡ ಇದಕ್ಕೆ ಕಾರಣ ಎಂದಿತು ಸಮಿತಿ. ಹಗ್ಗ ಲೈನಿನಲ್ಲಿತ್ತು, ಡಿಸೈನ್ ಆಫೀಸಿನಲ್ಲಿರಲಿಲ್ಲ.

ಆ ವರದಿಯ ಸುದ್ದಿ ಓದಿದಾಗ ಬೆಂಗಳೂರೇ ಕಣ್ಣೆದುರು ಬಂತು. ಟೀ ಅಂಗಡಿಯಲ್ಲಿ ಡೆಡ್‌ಲೈನನ್ನು ಎಳೆ ಎಳೆಯಾಗಿ ಬಿಚ್ಚಿ "ಇದು ಆಗೋ ಮಾತಲ್ಲ ಮಾರಾಯ" ಅನ್ನುವವನೇ ಹತ್ತು ನಿಮಿಷದ ನಂತರ ಮ್ಯಾನೇಜರ್ ಮುಂದೆ "ಆಗತ್ತೆ ಸರ್" ಅಂತಾನೆ. ಯೋಚನೆ ಮಾಡಲು ಬರದವನಲ್ಲ ಅವನು. ಮುಂದಿನ ಟ್ರೇನಿಂಗಿಗೆ ಅವನನ್ನು ಬಿಟ್ಟು ಆ ಮ್ಯಾನೇಜರನ್ನು ಕಳಿಸಬೇಕು. ಹಾಗೆಯೇ ರಿಪೋರ್ಟ್ ಫಾರಮ್ಮಿನಿಂದ 'ಹ್ಯೂಮನ್ ಎರರ್' ಎಂಬ ಆಯ್ಕೆಯನ್ನೇ ಕಿತ್ತುಹಾಕಿದರೆ, ತುಂಬಿಸುವವನು ವಿಧಿಯಿಲ್ಲದೆ ಮೂರನೇ ಯಾಕೆಗೆ ಇಳಿಯಲೇಬೇಕಾಗುತ್ತದೆ.