ನಿಂತ ಸೈಕಲ್ಲಿಗೆ ಅಳತೆ ಹಿಡಿದು ಬ್ರೇಕ್ ಹೋಸ್ ಕತ್ತರಿಸುವವರಿಗೆ

ಫುಲ್ ಸಸ್ಪೆನ್ಷನ್ ಸೈಕಲ್ ಅಂದರೆ ಹಿಂದಿನ ಚಕ್ರವೂ ಮೇಲೆ ಕೆಳಗೆ ಆಡುವ ಸೈಕಲ್. ಆಡಲಿ ಅಂತಲೇ ಅಷ್ಟು ದುಡ್ಡು ಸುರಿದು ತಗೊಳ್ಳುವುದು. ಈ ಒಂದು ವಿಷಯ, ಸೈಕಲ್ ಬಿಚ್ಚಿ ಜೋಡಿಸುವುದನ್ನೇ ಕಸುಬು ಮಾಡಿಕೊಂಡವರ ತಲೆಗೆ ಯಾಕೆ ಹೋಗುವುದಿಲ್ಲ? ಕೇಳಿ ಕೇಳಿ ನನಗೆ ಸಾಕಾಗಿದೆ.

ನನ್ನ ಸೈಕಲ್ ಮಂಗಳೂರಿನದೇ ಒಂದು ಅಂಗಡಿಯಲ್ಲಿ ತಗೊಂಡದ್ದು. ಹಿಂದಿನ ಬ್ರೇಕ್ ಬಲಗೈ ಲಿವರಿಗೆ ಇತ್ತು. ಅಮೆರಿಕದಲ್ಲಿ ಹಾಗೇ ಇರುತ್ತದೆ, ಅವರಿಗೆ ಸರಿ. ನಾನು ಸ್ಕೂಟರ್ ಓಡಿಸಿ ಬೆಳೆದವನು. ಬಲಗೈ ಮುಂದಿನ ಬ್ರೇಕ್, ಎಡಗೈ ಹಿಂದಿನದು. ಇಳಿಜಾರಿನಲ್ಲಿ ಗಾಬರಿಯಾದರೆ ಕೈ ಅಭ್ಯಾಸ ಇದ್ದ ಲಿವರನ್ನೇ ಹಿಡಿಯುತ್ತದೆ. ಅದಕ್ಕೆ ಎರಡನ್ನೂ ಅದಲು ಬದಲು ಮಾಡಿ ಕೊಡಿ ಅಂದೆ. ಮಾಡಿದರು. ಎಡಗಡೆ ಲಿವರಿನಿಂದ ಫ್ರೇಮಿನ ಎಡಗಡೆಯ ತೂತಿಗೇ ಹೋಸ್, ಅಂದರೆ ಬ್ರೇಕಿನ ಎಣ್ಣೆ ಹೋಗುವ ಕೊಳವೆ, ಹೋಗಬೇಕಲ್ಲ, ಗಿಡ್ಡ ದಾರಿ. ಹಾಗಾಗಿ ಉದ್ದ ಜಾಸ್ತಿ ಕಾಣುತ್ತದೆ ಅಂತ ಹೋಸ್ ಕತ್ತರಿಸಿದರು. ಅದೂ ಯಾವಾಗ? ಸೈಕಲ್ ಸ್ಟ್ಯಾಂಡಿನಲ್ಲಿ ನೇತಾಡುತ್ತಿರುವಾಗ, ಕಣ್ಣಳತೆಯಲ್ಲಿ.

ನೇತಾಡುವ ಸೈಕಲ್ಲಿನ ಶಾಕ್, ಅಂದರೆ ಹಿಂದಿನ ಚಕ್ರದ ಕುಲುಕು ತಾಳುವ ಭಾಗ, ಪೂರ್ತಿ ಚಾಚಿಕೊಂಡಿರುತ್ತದೆ. ಅದರ ಮೇಲೆ ಮನುಷ್ಯ ಕೂತ ಕೂಡಲೇ ಶಾಕ್ ಕಾಲು ಭಾಗಕ್ಕಿಂತ ಜಾಸ್ತಿ ಒಳಗೆ ಹೋಗುತ್ತದೆ. ಹಾಗೆ ಹೋಗಲಿ ಅಂತಲೇ ಶಾಕಿಗೆ ಲೆಕ್ಕ ಹಾಕಿ ಗಾಳಿ ತುಂಬುವುದು. ಅಂದರೆ ಅವರು ಅಳತೆ ತೆಗೆದ ಸ್ಥಿತಿಯಲ್ಲಿ ನಾನು ಆ ಸೈಕಲನ್ನು ಯಾವತ್ತೂ ಓಡಿಸುವುದೇ ಇಲ್ಲ! ನನ್ನ ಸೈಕಲ್ಲಿನ ಹಿಂದಿನ ಚಕ್ರಕ್ಕೆ 140 ಮಿಲಿಮೀಟರ್ ಓಡಾಟ ಇದೆ. ಹದಿನಾಲ್ಕು ಸೆಂಟಿಮೀಟರ್, ಅರ್ಧ ಗೇಣಿಗಿಂತ ಜಾಸ್ತಿ. ಅಷ್ಟು ಆಡುವ ಚಕ್ರಕ್ಕೆ ಆಡದೆ ನಿಂತ ಲೆಕ್ಕದಲ್ಲಿ ಬ್ರೇಕ್ ಕೊಟ್ಟರೆ ಎಂತ ಆಗುತ್ತದೆ?

ಆಗುವುದು ಇದು. ವಾಮಂಜೂರು ದಾಟಿ ಒಳಗೆ ಹೋದರೆ ಗೇರು ತೋಟದ ಬದಿಯಲ್ಲಿ ಮುರಕಲ್ಲಿನ ದಾರಿಗಳಿವೆ. ಮೆಟ್ಟಿಲು ಮೆಟ್ಟಿಲು ಕಲ್ಲು, ಮೇಲೆ ಕೆಂಪು ಜಲ್ಲಿ. ಅಲ್ಲಿ ಒಂದು ಕಡೆ ಚಕ್ರ ಇಳಿದು ಶಾಕ್ ಪೂರ್ತಿ ಒತ್ತಿದಾಗ ಅಡಿಯಿಂದ ಟಪ್ ಅಂತ ಶಬ್ದ ಬಂತು. ಇಳಿದು ನೋಡಿದರೆ ಸ್ವಿಂಗ್ ಆರ್ಮಿನಲ್ಲಿ (ಹಿಂದಿನ ಚಕ್ರ ಹಿಡಿದು ಆಡುವ ತೋಳು) ಹೋಸ್ ಹಿಡಿದಿಟ್ಟಿದ್ದ ಕ್ಲಿಪ್ ಕಿತ್ತು ಹೋಗಿದೆ. ಚಕ್ರದ ಹತ್ತಿರ ಬ್ರೇಕ್ ಹಿಡಿಯುವ ಕ್ಯಾಲಿಪರಿಗೆ ಸೇರುವ ಜಾಗದಲ್ಲಿ ಹೋಸ್ ಬುಡದಲ್ಲೇ ಓರೆಯಾಗಿ ಬಗ್ಗಿ ನಿಂತಿದೆ. ಕ್ಲಿಪ್ ಗಟ್ಟಿ ಇದ್ದಿದ್ದರೆ ಹೋಸೇ ಕಿತ್ತು ಬರುತ್ತಿತ್ತು. ಅದೂ ಇಳಿಜಾರಿನ ಮಧ್ಯದಲ್ಲಿ.

ಇದರಲ್ಲಿ ದೊಡ್ಡ ವಿಜ್ಞಾನ ಏನೂ ಇಲ್ಲ. ಹಿಂದಿನ ಸ್ವಿಂಗ್ ಆರ್ಮ್ ಪೆಡಲ್ ಹತ್ತಿರದ ಮುಖ್ಯ ಪೈವಟ್, ಅಂದರೆ ಕೀಲಿನ, ಸುತ್ತ ತಿರುಗುತ್ತದೆ. ಹೋಸ್ ಆ ಪೈವಟ್ಟಿನ ಕೆಳಗಿಂದ ಹಾದು ಹೋಗಿದ್ದರೆ, ಶಾಕ್ ಒತ್ತಿದಾಗ ಮುಂದಿನ ಫ್ರೇಮಿಗೂ ಸ್ವಿಂಗ್ ಆರ್ಮಿಗೂ ನಡುವೆ ದೂರ ಜಾಸ್ತಿಯಾಗುತ್ತದೆ, ಹೋಸ್ ಬಿಗಿಯುತ್ತದೆ. ಮೇಲಿಂದ ಹೋಗಿದ್ದರೆ ದೂರ ಕಮ್ಮಿಯಾಗುತ್ತದೆ, ಹೋಸ್ ಹೊರಗೆ ಉಬ್ಬುತ್ತದೆ. ಪೈವಟ್ಟಿಗೆ ಹತ್ತಿರವಾದಷ್ಟೂ ಈ ವ್ಯತ್ಯಾಸ ಸಣ್ಣದು. ಹಾಗಾಗಿ ಪೈವಟ್ ಪಕ್ಕದಲ್ಲೇ ದಾಟಿಸಬೇಕು, ದಾಟುವಲ್ಲಿ ಸಣ್ಣ ಬಾಗು ಬಿಡಬೇಕು, ಬಾಗಿನ ಎರಡೂ ತುದಿ ಭದ್ರವಾಗಿರಬೇಕು, ನಡುವೆ ಕಟ್ಟಬಾರದು. ಅಷ್ಟೇ ಕೆಲಸ.

ಅಂಗಡಿಗೆ ವಾಪಸ್ ಹೋದೆ. ಅವರ ಮಾತು ಇದು: "ಸಾರ್, ನೀವು ಜಾಸ್ತಿ ರಫ್ ಓಡಿಸಿದ್ದೀರಿ. ಇಲ್ಲಿ ಎಲ್ಲರಿಗೂ ಹೀಗೇ ಹಾಕಿ ಕೊಡುದು, ಯಾರಿಗೂ ಎಂತ ಆಗ್ಲಿಲ್ಲ."

ಮೌಂಟನ್ ಬೈಕ್ ಮಾರಿ ರಫ್ ಓಡಿಸಿದ್ದೀರಿ ಅಂತ ಹೇಳುವುದು ಯಾವ ನ್ಯಾಯ ಮಾರಾಯ್ರೆ? ಕದ್ರಿ ಪಾರ್ಕಿನ ಸುತ್ತ ಹೊಡೆಯಲಿಕ್ಕೆ ನನಗೆ ಈ ಸೈಕಲ್ ಬೇಕಿತ್ತಾ?

ಸರಿ, ಹೊಸ ಹೋಸ್ ಹಾಕಿದರು. ದುಡ್ಡು ಮತ್ತೆ ನನ್ನದೇ. ಈ ಸಲ ಗಿಡ್ಡ ಆಗುವುದು ಬೇಡ ಅಂತ ಸಿಕ್ಕಾಪಟ್ಟೆ ಉದ್ದ ಬಿಟ್ಟು, ಉಳಿದದ್ದನ್ನು ಕೇಬಲ್ ಟೈಯಲ್ಲಿ ಬಿಗಿದು ಕೊಟ್ಟರು. ಆಗಲೂ ಶಾಕ್ ಒತ್ತಿ ನೋಡಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ತೊಳೆಯುವಾಗ ಕಣ್ಣಿಗೆ ಬಿತ್ತು. ಟಯರಿನ ರಬ್ಬರ್ ಹಲ್ಲುಗಳು ಉಜ್ಜಿ ಉಜ್ಜಿ ಹೋಸಿನ ಕಪ್ಪು ಪದರ ಒಂದು ಬೆರಳಗಲ ಸವೆದು ಹೋಗಿತ್ತು. ಒಳಗಿನ ಹಳದಿ ನೂಲಿನ ಹೆಣಿಗೆ ಬೆಳಕಿಗೆ ಕಾಣುತ್ತಿತ್ತು. ಉಗುರಿನಲ್ಲಿ ಮುಟ್ಟಿದರೆ ಎಳೆ ಏಳುತ್ತಿತ್ತು. ಆ ನೂಲೇ ಒಳಗಿನ ಎಣ್ಣೆಯ ಒತ್ತಡ ತಡೆಯುವುದು. ಅದು ಹೋದರೆ ಬ್ರೇಕ್ ಹೋಯಿತು ಅಂತಲೇ ಲೆಕ್ಕ.

ಗಿಡ್ಡ ಮಾಡಿದರೂ ತಪ್ಪು, ಉದ್ದ ಮಾಡಿದರೂ ತಪ್ಪು, ಇವರಿಗೆ ಏನು ಮಾಡಿದರೂ ಸಮಾಧಾನ ಇಲ್ಲ ಅಂತ ನನ್ನನ್ನು ಬೈದುಕೊಂಡಿರಬಹುದು. ಬೈಯಲಿ. ನಾನು ಕೇಳುವುದು ಒಂದೇ. ಶಾಕಿನ ಗಾಳಿಯ ಒತ್ತಡ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಗಾಳಿ ಪೂರ್ತಿ ಬಿಡಿ. ಸೀಟಿನ ಮೇಲೆ ಮೈಭಾರ ಹಾಕಿ ಚಕ್ರವನ್ನು ಕೊನೆ ತನಕ ಒತ್ತಿ. ಇನ್ನೊಬ್ಬರು ಬಗ್ಗಿ ಹೋಸ್ ಎಲ್ಲಿ ಬಿಗಿಯುತ್ತದೆ, ಎಲ್ಲಿ ಉಬ್ಬುತ್ತದೆ, ಟಯರಿಗೆ ತಾಗುತ್ತದಾ, ಪೆಡಲ್ ಹಿಡಿದ ಕ್ರ್ಯಾಂಕಿಗೆ ತಾಗುತ್ತದಾ ನೋಡಲಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕಾಯಿಲ್ ಶಾಕ್ ಆದರೆ ಸ್ಪ್ರಿಂಗ್ ಬಿಚ್ಚಿ ಇದನ್ನೇ ಮಾಡಿ. ಆಮೇಲೆ ಕತ್ತರಿಸಿ. ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ ಇದು. ಇದನ್ನು ಬಿಟ್ಟು ಕತ್ತರಿ ಕೈಗೆ ತಗೊಳ್ಳುವವರಿಗೆ ಬ್ರೇಕ್ ಮುಟ್ಟುವ ಹಕ್ಕಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹೋಸ್ ಕತ್ತರಿಸಿದರೆ ತುದಿಗೆ ಎಣ್ಣೆ ಸೋರದ ಹಾಗೆ ಬಿಗಿಯುವ ಹೊಸ ಆಲಿವ್ ಬಳೆ, ಒಳಗೆ ಕೂರುವ ಹೊಸ ಪಿನ್ ಹಾಕಬೇಕು, ಗಾಳಿ ಸೇರಿದ್ದರೆ ಬ್ಲೀಡ್ ಮಾಡಬೇಕು, ಅಂದರೆ ಎಣ್ಣೆಯೊಳಗಿನ ಗಾಳಿ ಹೊರಗೆ ತೆಗೆಯಬೇಕು. ನನ್ನದು ಶಿಮಾನೋ ಕಂಪನಿಯ ಬ್ರೇಕು, ಅದಕ್ಕೆ ಮಿನರಲ್ ಆಯಿಲ್. ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. "ಪಕ್ಕದ ಬೈಕ್ ಗ್ಯಾರೇಜಿಂದ ಬ್ರೇಕ್ ಆಯಿಲ್ ತರ್ತೇನೆ, ಎಲ್ಲ ಒಂದೇ" ಅಂದರು. ಒಂದೇ ಅಲ್ಲ! ಮೋಟಾರ್ ಬೈಕಿಗೆ ಹಾಕುವುದು ಡಾಟ್ ಆಯಿಲ್. ಅದನ್ನು ಮಿನರಲ್ ಆಯಿಲ್ ಬ್ರೇಕಿಗೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ನಾನು ಅಲ್ಲೇ ನಿಂತಿದ್ದೆ, ತಡೆದೆ. ಸೈಕಲ್ ಬಿಟ್ಟು ಆಫೀಸಿಗೆ ಹೋದವರ ಗತಿ ಏನು?

ಫ್ರೇಮ್ ಮಾಡುವ ಕಂಪನಿಗಳ ಮೇಲೂ ಸಿಟ್ಟಿದೆ. ಚಂದ ಕಾಣಲಿ ಅಂತ ಹೋಸನ್ನು ಫ್ರೇಮಿನ ಒಳಗೆ ತೂರಿಸುತ್ತಾರೆ. ಈಗ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಬೇರಿಂಗ್ ನಡುವಿನಿಂದಲೇ ಇಳಿಸುವುದೂ ಶುರುವಾಗಿದೆ. ನಮ್ಮೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಮಲ್ಪೆ, ಕಾಪು ಕಡೆ ಮನೆ ಇದ್ದವರನ್ನು ಕೇಳಿ, ಬೇರಿಂಗ್ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ. ಒಂದು ಬೇರಿಂಗ್ ಬದಲಿಸಲಿಕ್ಕೆ ಹಿಂದಿನ ಬ್ರೇಕ್ ಹೋಸ್ ಬಿಚ್ಚಬೇಕು, ಬ್ಲೀಡ್ ಮಾಡಬೇಕು. ಮತ್ತೆ ಅದೇ ಅಂಗಡಿ, ಅದೇ ಕತ್ತರಿ. ಹೊರಗಡೆ ಕ್ಲಿಪ್ಪಿನಲ್ಲಿ ಹಾಕಿದ್ದರೆ ಯಾರಿಗೆ ಏನು ನಷ್ಟ ಆಗುತ್ತಿತ್ತು? ಎಲ್ಲಿ ಉಜ್ಜುತ್ತಿದೆ ಅಂತ ಕಣ್ಣಿಗಾದರೂ ಕಾಣುತ್ತಿತ್ತು.

ತಂತಿ ಬ್ರೇಕ್ ಇರುವವರೂ ಒಮ್ಮೆ ಬಗ್ಗಿ ನೋಡಿ. ಲಿವರಿನಿಂದ ಕ್ಯಾಲಿಪರ್ ತನಕ ಹೊರಗಿನ ಕವಚ ಎಲ್ಲೂ ತುಂಡಾಗದೆ ಒಂದೇ ಉದ್ದಕ್ಕೆ ಇರಬೇಕು. ಪೈವಟ್ ದಾಟುವಲ್ಲಿ ಬರೀ ತಂತಿ ಬಿಟ್ಟಿದ್ದರೆ, ಚಕ್ರ ಆಡಿದ ಹಾಗೆಲ್ಲ ತಂತಿ ಎಳೆದು ಬ್ರೇಕ್ ತಾನಾಗಿಯೇ ಹಿಡಿಯಬಹುದು.

ಈಗ ನನ್ನ ಹೋಸ್ ಸರಿಯಾಗಿದೆ. ಮಣಿಪಾಲದ ಒಬ್ಬ ಗೆಳೆಯ ಅವನ ಮನೆಯ ವೆರಾಂಡದಲ್ಲಿ ಶಾಕಿನ ಗಾಳಿ ಬಿಟ್ಟು, ಒತ್ತಿ, ನೋಡಿ, ಹಾಕಿ ಕೊಟ್ಟ. ಅವನಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಅಂಗಡಿಯವರಿಗೆ ಸವೆದ ಹೋಸಿನ ಫೋಟೊ ಕಳಿಸಿ ಎರಡನೇ ಬಿಲ್ಲಿನ ದುಡ್ಡು ವಾಪಸ್ ಕೇಳಿದ್ದೇನೆ. ಫೋಟೊ ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ. ಸೋಮವಾರ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಆ ಹೋಸ್ ಹಿಡಿದುಕೊಂಡು ನಾನೇ ಹೋಗುತ್ತೇನೆ.