ಸತ್ಯಾಂಶ: ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಹೆರಿಗೆಗೆ ದುಡ್ಡು ಕಟ್ಟಬೇಕೇ?

ಚೊಚ್ಚಲ ಹೆರಿಗೆಗೆಂದು ಮಗಳು ಜಗಳೂರಿನ ತವರಿಗೆ ಬಂದಿರುತ್ತಾಳೆ. ಪಡಿತರ ಚೀಟಿ ಮಾತ್ರ ಗಂಡನ ಊರಿನಲ್ಲಿರುತ್ತದೆ. ಅಂಥ ಮನೆಗಳ ನಿದ್ದೆ ಕೆಡಿಸುವ ವಾಟ್ಸ್‌ಆ್ಯಪ್ ಸಂದೇಶವಿದು: "ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆಗೆ ದುಡ್ಡು. ಕಾರ್ಡಿಗೆ ಹೆಸರು ಸೇರುವವರೆಗೆ ಕೂಸಿಗೂ ದುಡ್ಡು."

ಎರಡೂ ಸುಳ್ಳು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮಕ್ಕೆ ಆದಾಯದ ಮಿತಿಯೇ ಇಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿರಲಿ, ತಾಲ್ಲೂಕು ಆಸ್ಪತ್ರೆಯಿರಲಿ, ಸಿಸೇರಿಯನ್ ಆದರೂ ಹೆರಿಗೆ ಉಚಿತ. ಔಷಧಿ, ರಕ್ತ, ಪರೀಕ್ಷೆ, ಮನೆಗೆ ಮರಳುವ ವಾಹನ ಎಲ್ಲವೂ ಅದರೊಳಗೇ ಬರುತ್ತವೆ. ಊಟ ಕೂಡ: ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಮೊದಲು 30 ದಿನದೊಳಗಿನ ಕೂಸಿಗಷ್ಟೇ ಇದ್ದ ಉಚಿತ ಚಿಕಿತ್ಸೆ ಈಗ ವರ್ಷ ತುಂಬುವವರೆಗೂ ಇದೆ.

ಗೊಂದಲ ಹುಟ್ಟಿದ್ದು ಹೆಸರಿನಿಂದ ಇರಬೇಕು. ಜನನಿ ಸುರಕ್ಷಾ ಯೋಜನೆ ಎಂಬುದು ಬೇರೆ; ಅದು ನಗದು ನೆರವು. ನಮ್ಮ ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆಗೆ ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ. ಬಿಪಿಎಲ್ ಅಥವಾ ಪರಿಶಿಷ್ಟ ಜಾತಿ, ಪಂಗಡ ಎಂಬ ನಿಯಮವಿರುವುದು ಅದಕ್ಕೆ. ಕಾರ್ಡ್ ಇಲ್ಲದಿದ್ದರೆ ಆ ಹಣ ತಪ್ಪಬಹುದು, ಆರೈಕೆ ತಪ್ಪುವುದಿಲ್ಲ.

ಕೂಸಿನ ಬಟ್ಟೆಯ ಚೀಲದಲ್ಲಿ ತಾಯಿ ಕಾರ್ಡ್ ಇಟ್ಟುಕೊಳ್ಳಿ. ನೋವು ಶುರುವಾದರೆ ಪಡಿತರ ಚೀಟಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ.