ಸಂಡೂರಿನವಳು ಅಂತ ಅಂಕ ಇಲ್ಲ

ಕಳೆದ ಬೇಸಿಗೆ ರಜೆಯ ಮಾತು. ಬಳ್ಳಾರಿ ಬಿಸಿಲು ಗೊತ್ತಲ್ಲ, ಹನ್ನೊಂದಕ್ಕೇ ಬಾಗಿಲು ಹಾಕಿಕೊಂಡು ಫ್ಯಾನ್ ಕೆಳಗೆ ಕೂರಬೇಕು. ಹಾಗೆ ಕೂತಿದ್ದಾಗ ನಮ್ಮ ವಿಜ್ಞಾನ ಟೀಚರ್‌ಗಳ ಗ್ರೂಪಿಗೆ ಯಾರೋ ಭಾರತೀಯ ವಿಜ್ಞಾನ ಸಂಸ್ಥೆಯ ವಾರ್ಷಿಕ ವರದಿ ಹಾಕಿದರು. ಅದೇ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್. ಸುಮ್ನೆ ತಿರುವಿ ಹಾಕೋಣ ಅಂತ ಶುರು ಮಾಡಿದವಳು ಮೂರು ಮಧ್ಯಾಹ್ನ ಅದರಲ್ಲೇ ಕಳೆದೆ. ಶಾಲೆ ಶುರುವಾಗಿ ತಿಂಗಳ ಮೇಲಾಯಿತು, ಇನ್ನೂ ಅದು ತಲೆಯಿಂದ ಹೋಗಿಲ್ಲ.

ಹೊಟ್ಟೆಕಿಚ್ಚಿಗೆ ಬರೆಯುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1909ರಲ್ಲಿ ಹುಟ್ಟಿದ ಸಂಸ್ಥೆ ಅದು. 2016ರಲ್ಲಿ ವಿದ್ಯಾಸಂಸ್ಥೆಗಳಿಗೆ ರ‍್ಯಾಂಕ್ ಕೊಡುವ ಕೇಂದ್ರದ ಎನ್‌ಐಆರ್‌ಎಫ್ ಪಟ್ಟಿ ಶುರುವಾದಾಗಿನಿಂದ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮೊದಲ ಜಾಗ ಬಿಟ್ಟುಕೊಟ್ಟಿಲ್ಲ. 2011ರಲ್ಲಿ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ಕೋರ್ಸು ಶುರು ಮಾಡಿದರು, 2022ರಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಬಿಟೆಕ್ ಬಂತು. ಎಲ್ಲಾ ಸರಿ. ನನ್ನ ತಕರಾರು ಬೇರೆ. ಒಂದು ವಿಶ್ವವಿದ್ಯಾಲಯ ಈ ವರ್ಷ ಎಷ್ಟು ಮುಂದೆ ಹೋಯಿತು ಅಂತ ಅಳೆಯುತ್ತಾರಲ್ಲ, ಆ ಅಳತೆಗೋಲಿನ ಬಗ್ಗೆ.

ಒಂದು ಉದಾಹರಣೆ ನೋಡಿ. ಕ್ಯೂಎಸ್ ಅಂತ ಜಾಗತಿಕ ರ‍್ಯಾಂಕಿಂಗ್ ಇದೆ. ಅವರ 2022ರ ಪಟ್ಟಿಯಲ್ಲಿ, ಒಬ್ಬೊಬ್ಬ ಅಧ್ಯಾಪಕರ ಲೆಕ್ಕದಲ್ಲಿ ಸಂಶೋಧನಾ ಬರಹಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ವಿಭಾಗದಲ್ಲಿ ನಮ್ಮ ಸಂಸ್ಥೆಗೆ ನೂರಕ್ಕೆ ನೂರು. ಇಡೀ ಜಗತ್ತಿಗೇ ಮೊದಲು! ಒಟ್ಟಾರೆ ಸ್ಥಾನ ಮಾತ್ರ 186. ಯಾಕೆ ಅಂದರೆ ಬೇರೆ ಸಾಲುಗಳಲ್ಲಿ ಅಂಕ ಕಮ್ಮಿ, ಅದರಲ್ಲೂ ವಿದೇಶಿ ವಿದ್ಯಾರ್ಥಿಗಳ ಸಾಲಿನಲ್ಲಿ ತೀರಾ ಕಮ್ಮಿ. ಅಂದರೆ ಹೊರದೇಶದಿಂದ ಎಷ್ಟು ಜನ ಬಂದು ಓದುತ್ತಾರೆ ಅನ್ನುವುದೂ ಒಂದು ಅಳತೆ.

ಇಲ್ಲಿ ಎನ್‌ಐಆರ್‌ಎಫ್‌ನಲ್ಲೂ ಅದೇ ಕಥೆ. ಬೇರೆ ರಾಜ್ಯ, ಬೇರೆ ದೇಶದ ಮಕ್ಕಳು ಬಂದರೆ ಅದಕ್ಕೆ ಅಂಕ ಇದೆ. ಸಂಡೂರಿನ ಒಬ್ಬ ಹುಡುಗಿ, ಅಪ್ಪ ಗಣಿ ಲಾರಿ ಓಡಿಸುವವನು ಅಂತಿಟ್ಟುಕೊಳ್ಳಿ, ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಕೋಚಿಂಗ್ ಇಲ್ಲದೆ ಅಲ್ಲಿಗೆ ಹೋಗಿ ಸೇರುತ್ತಾಳೆ. ಹುಡುಗಿ ಅಂತ ಲೆಕ್ಕಕ್ಕೆ ಬರುತ್ತಾಳೆ, ಬಡವಳು ಅಂತಲೂ ಬರಬಹುದು. ಸಂಡೂರಿನವಳು ಅಂತ ಬರುವುದಿಲ್ಲ. ಆದರೆ ಅವಳು ದಾಟಿದ ದೂರ ಯಾವ ವಿಮಾನದ ದೂರಕ್ಕಿಂತ ಕಮ್ಮಿ, ಹೇಳಿ?

(ಇನ್ನೊಂದು ತಮಾಷೆ. ಸಂಸ್ಥೆಗೆ ಮೈಸೂರು ಅರಸರು ಕೊಟ್ಟ ಜಾಗ 371 ಎಕರೆ. ನಮ್ಮ ಕಡೆಯವರಿಗೂ 371 ಅಂದರೆ ಪ್ರಾಣ, ಕೊನೆಗೊಂದು ಜೆ ಸೇರಿಸಬೇಕು ಅಷ್ಟೇ, ನಮ್ಮ ಭಾಗದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಅದು ಕೇಂದ್ರದ ಸಂಸ್ಥೆ, ನಮ್ಮ 371 ಅಲ್ಲಿ ನಡೆಯುವುದಿಲ್ಲ.)

ಹಾಗಂತ ಸಂಸ್ಥೆ ನಮ್ಮ ಕಡೆ ಬಂದೇ ಇಲ್ಲವಾ? ಬಂದಿದೆ, ಹತ್ತಿರಕ್ಕೇ ಬಂದಿದೆ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ 1,500 ಎಕರೆಯ ಎರಡನೇ ಕ್ಯಾಂಪಸ್ ಇದೆ. ಅದು ಮೊದಲು ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲು. ಆ ಜಮೀನಿಗಾಗಿ ಅಲ್ಲಿನವರು ಹಸಿರು ನ್ಯಾಯಮಂಡಳಿವರೆಗೂ ಹೋಗಿದ್ದರು, ಅದನ್ನು ಮರೆಯಬಾರದು. ಅದೇ ಜಾಗದಲ್ಲಿ ಈಗ ಶಾಲಾ, ಕಾಲೇಜು ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೂ ನಡೆಯುತ್ತಿದೆ. ನಾನೂ ಹೋಗಿದ್ದೆ. ರಾಂಪುರ ದಾಟಿ ಬಸ್ಸಿನಲ್ಲಿ ತೂಕಡಿಸುತ್ತಾ ಹೋದವಳಿಗೆ, ಇನ್ನೊಂದು ತರಬೇತಿ, ಇನ್ನೊಂದು ಸಹಿ, ಊಟ ಹೇಗಿರುತ್ತೋ ಅನ್ನುವುದಷ್ಟೇ ಯೋಚನೆ. ಹಾಗಾಗಲಿಲ್ಲ. ಇಪ್ಪತ್ತು ವರ್ಷ ಬರೀ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡಿದ ಪಾಠಗಳನ್ನು ಅಲ್ಲಿ ಮೊದಲ ಸಲ ಕೈಯಲ್ಲಿ ಮಾಡಿ ನೋಡಿದೆ.

ಅಲ್ಲಿಂದ ಬಂದಮೇಲೆ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆ. ಬೀದಿಯಲ್ಲಿ ಸಿಗುವ ಆಟಿಕೆ ಲೇಸರ್, ಅದರ ಕೆಂಪು ಬೆಳಕಿನ ಅಲೆಯುದ್ದ 650 ನ್ಯಾನೊಮೀಟರ್. ಕಿಟಕಿಗೆ ಬಾಗಿಲಿಲ್ಲ, ಬಿಸಿಯೂಟದ ಅಕ್ಕಿ ಚೀಲ ಕಟ್ಟಿ ಕತ್ತಲು ಮಾಡಿದೆವು. ಒಬ್ಬ ಹುಡುಗಿ ತನ್ನ ಜಡೆಯಿಂದ ಒಂದು ಕೂದಲು ಕಿತ್ತುಕೊಟ್ಟಳು. ಎಣ್ಣೆ ಇತ್ತು, ಸೆರಗಿನಿಂದ ಒರೆಸಿ ಲೇಸರ್ ಬಾಯಿಗೆ ಅಡ್ಡ ಅಂಟಿಸಿದೆ. ಎರಡು ಮೀಟರ್ ದೂರದ ಗೋಡೆ ಮೇಲೆ ಒಂದು ಚುಕ್ಕೆ ಬೀಳಬೇಕಾದ ಕಡೆ ಬೆಳಕು, ಕತ್ತಲು, ಬೆಳಕು, ಕತ್ತಲು ಅಂತ ಉದ್ದಕ್ಕೆ ಸಾಲು. ನಡುವಿನಿಂದ ಮೊದಲ ಕತ್ತಲಿಗೆ ಸ್ಕೇಲ್ ಇಟ್ಟರೆ ಎರಡು ಸೆಂಟಿಮೀಟರ್. ಅಲೆಯುದ್ದವನ್ನು ಗೋಡೆಯ ದೂರಕ್ಕೆ ಗುಣಿಸಿ ಆ ಎರಡು ಸೆಂಟಿಮೀಟರಿಂದ ಭಾಗಿಸಿದೆವು. ಕೂದಲಿನ ದಪ್ಪ 65 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹದಿನೈದನೇ ಒಂದು ಭಾಗ. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ತಲೆ ಕೆರೆಯುತ್ತಾ ನಂದು ಟೀಚರ್, ನಂದು ಟೀಚರ್ ಅಂತ ಕೂದಲು ಕೀಳಲು ಶುರು ಮಾಡಿದರು!

ಇದು ಯಾವ ಸಾಲಿನಲ್ಲಿ ಬರಬೇಕು? ಬೋಧನೆಯಾ, ಸಂಶೋಧನೆಯಾ, ಜಾಗತಿಕ ಸಂಪರ್ಕವಾ?

ಹಳೇ ಕಾಲದಲ್ಲಿ ಈ ಸಂಸ್ಥೆ ಇನ್ನೂ ಒಳಗೆ, ಅಡುಗೆಮನೆವರೆಗೂ ಬಂದಿತ್ತು. 1974ರಲ್ಲಿ ಅಲ್ಲಿನ ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಹಳ್ಳಿಗಳಿಗಾಗಿಯೇ 'ಅಸ್ತ್ರ' ಅನ್ನುವ ಕೇಂದ್ರ ಕಟ್ಟಿದರು. ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಸಿರುಗುಪ್ಪ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಒಂದಿತ್ತು. ಮೂರು ಪಾತ್ರೆ ಇಡುವ ಮಣ್ಣಿನ ಒಲೆ, ಹೊಗೆ ಕೊಳವೆಯಿಂದ ಮಾಡಿನ ಮೇಲಕ್ಕೆ. ಅಜ್ಜಿಗೆ ಅದು ಯಾವ ಇನ್‌ಸ್ಟಿಟ್ಯೂಟಿನದು ಅಂತ ಗೊತ್ತಿರಲಿಲ್ಲ. ಕಣ್ಣು ಉರಿಯುವುದು ನಿಂತಿತು, ಕಟ್ಟಿಗೆ ಕಮ್ಮಿ ಸಾಕು, ಅಷ್ಟು ಗೊತ್ತಿತ್ತು. ಆ ಒಲೆಯನ್ನು ಯಾವ ವಿದೇಶಿ ಜರ್ನಲ್ ಎಷ್ಟು ಸಲ ಉಲ್ಲೇಖಿಸಿದೆ ಅಂತ ಯಾರು ಕೇಳಿದರು?

ನಾನು ಕೇಳುವುದು ದೊಡ್ಡದೇನಲ್ಲ. ವರದಿಯಲ್ಲಿ ಒಡಂಬಡಿಕೆಗಳ ಪುಟ ಇರಲಿ, ಪೇಟೆಂಟ್ ಪುಟ ಇರಲಿ. ಜೊತೆಗೆ ತರಬೇತಿಗೆ ಬಂದ ಟೀಚರ್‌ಗಳನ್ನು ಒಂದು ವರ್ಷ ಬಿಟ್ಟು ಹುಡುಕಿಕೊಂಡು ಹೋಗಿ, ಕಲಿತದ್ದರಲ್ಲಿ ಏನು ಮಾಡಿದಿರಿ, ಏನು ಆಗಲಿಲ್ಲ ಅಂತ ಕೇಳಿ ಅದಕ್ಕೊಂದು ಪುಟ ಕೊಡಿ. ಆಗದೇ ಇದ್ದದ್ದೇ ಜಾಸ್ತಿ ಇರುತ್ತದೆ. ನಾನು ಮೊದಲು ಇದ್ದ ಒಂದು ಶಾಲೆಯಲ್ಲಿ ಸೂಕ್ಷ್ಮದರ್ಶಕ ಬೀರುವಿನಲ್ಲೇ ಇರುತ್ತಿತ್ತು. ಒಡೆದರೆ ಯಾರು ಜವಾಬ್ದಾರಿ ಅಂತ ಬೀರುವಿನ ಕೀಲಿಯೇ ಕೊಡುತ್ತಿರಲಿಲ್ಲ. ತಪಾಸಣೆ ದಿನ ಮಾತ್ರ ಹೊರಗೆ ಬಂದು, ಒರೆಸಿಸಿಕೊಂಡು, ಮತ್ತೆ ಒಳಗೆ. ಇಂಥದ್ದು ವರದಿ ಬರೆಯುವವರಿಗೆ ಗೊತ್ತಾಗಬೇಕಲ್ವಾ?

ಈ ಬರಹ ಇಲ್ಲಿಗೆ ನಿಲ್ಲಿಸಬೇಕು. ಎಂಟನೇ ಕ್ಲಾಸಿನ ಹುಡುಗನೊಬ್ಬ ಇವತ್ತು ಪ್ಲಾಸ್ಟಿಕ್ ಚೀಲದಲ್ಲಿ ಕುರಿ ಉಣ್ಣೆ ಕಟ್ಟಿಕೊಂಡು ಬಂದಿದ್ದ, ಅವರಪ್ಪನ ಹಿಂಡಿನದಂತೆ. ಮನುಷ್ಯರ ಕೂದಲಿಗಿಂತ ದಪ್ಪವೋ ತೆಳುವೋ ನೋಡಬೇಕಂತೆ. ನಾಳೆ ಮೂರನೇ ಪೀರಿಯಡ್. ಲೇಸರಿನ ಸೆಲ್ ಮುಗಿದಿದೆ, ಬೆಂಗಳೂರು ರಸ್ತೆ ಅಂಗಡಿ ಮುಚ್ಚುವುದರೊಳಗೆ ಹೋಗಿ ತರಬೇಕು.